ನಾಲ್ಕನೆಯ ಸಿಂಹ ಎಲ್ಲಿದೆ?

ಶ್ರೋತೃಗಳೇ, ಎಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೊ ಹಚ್ಚಿಕೊಂಡು ಯಾರು ಕೂತಿರಬಹುದು ಎಂದು ಯೋಚಿಸುತ್ತಲೇ ಇಲ್ಲಿಗೆ ಬಂದೆ. ಶಾಲೆ ಮುಗಿಸಿ ಮನೆಗೆ ಬಂದು ಚಹಾ ಕುಡಿಯುತ್ತಿರುವ ಅಕ್ಕೋರು ಒಬ್ಬರು ಇರಬಹುದು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಪಕ್ಕದಲ್ಲಿ ಪುಸ್ತಕ ಹಿಡಿದು ಕೂತ ಮಗನಿಗೆ ಪ್ರಶ್ನೆ ಕೇಳುತ್ತಿರುವ ತಾಯಿ ಇರಬಹುದು. "ರಾಷ್ಟ್ರಪಕ್ಷಿ ಯಾವುದು?" "ನವಿಲು." "ರಾಷ್ಟ್ರಪ್ರಾಣಿ?" "ಹುಲಿ." "ರಾಷ್ಟ್ರೀಯ ಹೂವು?" "ಕಮಲ." ಪಟಪಟ ಅಂತ ಉತ್ತರ ಬರುತ್ತದೆ. ತಾಯಿಗೂ ಸಮಾಧಾನ, ಮಗನಿಗೂ ಬಿಡುಗಡೆ.

ತಾಯಿ, ಆ ರೊಟ್ಟಿಯನ್ನು ಹಂಚಿಗೆ ಹಾಕಿ ಒಂದು ಕ್ಷಣ ನನ್ನ ಮಾತು ಕೇಳಿ. ನಿಮ್ಮ ಮಗ ಈಗ ಒಪ್ಪಿಸಿದ್ದು ಬರೀ ಪದಗಳನ್ನು. ಪರೀಕ್ಷೆಯ ಮರುದಿನ ಅವು ಉಳಿಯುವುದಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ರಾಷ್ಟ್ರೀಯ ಚಿಹ್ನೆಗಳನ್ನು ಕಲಿಸುವಾಗ ಮೊದಲು ಕಣ್ಣು, ಆಮೇಲೆ ಬಾಯಿ. ಮಗು ಮೊದಲು ನೋಡಲಿ, ಮುಟ್ಟಲಿ, ಎಣಿಸಲಿ. ಹೇಳುವುದು ಆಮೇಲೆ.

ಇದು ನನಗೆ ಹೊಳೆದದ್ದು ಒಂದು ಹಳ್ಳಿಯ ಶಾಲೆಯಲ್ಲಿ. ಆಗ ನಾನು ಶಿಕ್ಷಕರಿಗೆ ತರಬೇತಿ ಕೊಡುತ್ತ ಧಾರವಾಡದ ಸುತ್ತಲಿನ ಶಾಲೆಗಳಿಗೆ ಹೋಗುತ್ತಿದ್ದೆ. ಐದನೇ ತರಗತಿ. ನಾನು ಒಳಗೆ ಹೋಗುತ್ತಲೇ ಮಕ್ಕಳೆಲ್ಲ ಎದ್ದು ನಿಂತು ಒಂದೇ ಉಸಿರಿನಲ್ಲಿ ಒಪ್ಪಿಸಿದರು: "ನಮ್ಮ ರಾಷ್ಟ್ರಲಾಂಛನದಲ್ಲಿ ನಾಲ್ಕು ಸಿಂಹಗಳಿವೆ!" ಗೋಡೆ ನಡುಗುವಷ್ಟು ಜೋರು. ನನ್ನ ಕೈಚೀಲದಲ್ಲಿ ಬಸ್ಸಿನ ಚಿಲ್ಲರೆ ಇತ್ತು. ಐದು ರೂಪಾಯಿಯ ನಾಣ್ಯವೊಂದನ್ನು ತೆಗೆದು ಮುಂದಿನ ಸಾಲಿನ ಹುಡುಗಿಯ ಕೈಯಲ್ಲಿಟ್ಟು, "ಎಣಿಸವ್ವ" ಅಂದೆ. ಅವಳು ನಾಣ್ಯವನ್ನು ಕಣ್ಣಿನ ಹತ್ತಿರ ತಂದಳು. ತಿರುಗಿಸಿದಳು. ಲಂಗಕ್ಕೆ ಒರೆಸಿ ಮತ್ತೆ ನೋಡಿದಳು. ಮುಖ ಸಣ್ಣದಾಯಿತು.

"ಅಕ್ಕೋರ, ಮೂರ ಅದಾವ್ರಿ."

ತರಗತಿ ಗಪ್ ಚುಪ್. ಅಷ್ಟರಲ್ಲಿ ಹಿಂದಿನಿಂದ ಒಬ್ಬ, "ನಾಣ್ಯ ಸವದೈತ್ರಿ, ಅದಕ್ಕ ಒಂದ್ ಅಳಿಸಿ ಹೋಗೇತಿ" ಅಂದ. ಸರಿ, ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡೋಣ ಅಂದೆ. ಬೇರೆ ಬೇರೆ ನಾಣ್ಯ ಕೊಟ್ಟೆ. ಬೂದು ಬಣ್ಣದಲ್ಲಿ ಸಿಂಹಗಳ ಅಚ್ಚು ಮೂಡಿತು. ಎಲ್ಲರ ಕಾಗದದಲ್ಲೂ ಮೂರೇ. ನೋಟಿನ ಮೇಲೆ ನೋಡಿದರು, ಪಠ್ಯಪುಸ್ತಕದಲ್ಲಿ ನೋಡಿದರು, ಮೂರೇ. ವರ್ಷಗಟ್ಟಲೆ ನಾಲ್ಕು ನಾಲ್ಕು ಎಂದು ಕೂಗಿದ ಮಕ್ಕಳು ಒಂದು ದಿನವೂ ಎಣಿಸಿರಲಿಲ್ಲ! ಅದು ಮಕ್ಕಳ ತಪ್ಪೇ? ಎಣಿಸಿ ಎಂದು ನಾವು ಹೇಳಿರಲೇ ಇಲ್ಲ.

ಆಮೇಲೆ ನಾಲ್ಕು ಮಕ್ಕಳನ್ನು ಅಂಗಳಕ್ಕೆ ಕರೆದೆ. ಬೆನ್ನಿಗೆ ಬೆನ್ನು ಹಚ್ಚಿ ನಾಲ್ಕು ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದೆ. ಉಳಿದವರು ಒಬ್ಬೊಬ್ಬರಾಗಿ ಎದುರು ನಿಂತು ಎಷ್ಟು ಮುಖ ಕಾಣುತ್ತದೆ ಎಂದು ಹೇಳಬೇಕು. ಎದುರಿನದೊಂದು, ಎಡಕ್ಕೊಂದು, ಬಲಕ್ಕೊಂದು. ಮೂರೇ. ಸುತ್ತು ಹಾಕಿ ಯಾವ ಕಡೆ ನಿಂತರೂ ಮೂರೇ. ಆಗ ಹಿಂದೆ ಮರೆಯಾಗಿದ್ದ ಹುಡುಗ ತಡೆಯಲಾರದೆ ಕೂಗಿದ: "ನಾ ಇಲ್ಲೇ ಅದೀನ್ರಿ!" ಆ ನಗು, ಆ ಗದ್ದಲ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಲ್ಲಿಂದ ಪ್ರಶ್ನೆಗಳು ತಾವಾಗಿಯೇ ಬಂದವು. ಇದನ್ನು ಯಾರು ಕಡೆದರು? ಈಗ ಎಲ್ಲಿದೆ? ಅಶೋಕ ಚಕ್ರವರ್ತಿಯ ಕಾಲದ್ದು, ಎರಡು ಸಾವಿರ ವರ್ಷಕ್ಕೂ ಹಳೆಯದು, ಸಾರನಾಥದ ವಸ್ತುಸಂಗ್ರಹಾಲಯದಲ್ಲಿದೆ, ಆಳಿಗಿಂತ ಎತ್ತರ ಅಂದಾಗ ಬಾಯಿ ತೆರೆದುಕೊಂಡು ಕೇಳಿದರು. ಸಿಂಹಗಳ ಕೆಳಗಿನ ಪಟ್ಟಿಯಲ್ಲಿ ಎಡಬದಿಯಲ್ಲಿ ಓಡುವ ಕುದುರೆ, ಬಲಬದಿಯಲ್ಲಿ ಗೂಳಿ, ನಡುವೆ ಚಕ್ರ. ಅಲ್ಲಿಯೂ ಆನೆ ಮತ್ತು ಇನ್ನೊಂದು ಸಿಂಹ ಹಿಂದೆ ಮರೆಯಾಗಿವೆ ಎಂದು ನಾನು ಹೇಳಬೇಕಾಗಲಿಲ್ಲ. ಹುಡುಗಿಯೊಬ್ಬಳು, "ಹಂಗಾರ ಇದರ ಹಿಂದೂ ಏನರ ಇರಬೇಕಲ್ರಿ?" ಅಂತ ತಾನೇ ಕೇಳಿದಳು. ಆ ಅಶೋಕನ ಹೆಸರನ್ನೇ ಬರೆದಿರುವ ಶಾಸನ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿತು ಎಂದಾಗಲಂತೂ ಅವರಿಗೆ ತಮ್ಮ ನೆಂಟರ ಸುದ್ದಿ ಕೇಳಿದಷ್ಟು ಹಿಗ್ಗು.

ಇಷ್ಟಕ್ಕೆ ಖರ್ಚಾದದ್ದು ಏನು? ಏನೂ ಇಲ್ಲ. ನಾಣ್ಯವನ್ನೂ ವಾಪಸ್ ಕೊಟ್ಟರು. ಮೊದಲು ಕಣ್ಣು, ಆಮೇಲೆ ಬಾಯಿ.

ಇನ್ನು ಬಾವುಟ. ಬಾವುಟದ ಚಕ್ರದಲ್ಲಿ 24 ಅರಗಳಿವೆ ಎಂದು ಎಲ್ಲ ಮಕ್ಕಳೂ ಹೇಳುತ್ತಾರೆ. ಬರೆಯಲು ಹೇಳಿ ನೋಡಿ, ಒಬ್ಬರದು 19, ಇನ್ನೊಬ್ಬರದು 27. ಇಲ್ಲಿ ಗಣಿತದ ಮೇಷ್ಟ್ರು ನೆರವಿಗೆ ಬರಬೇಕು. ಒಂದು ಸುತ್ತಿಗೆ 360 ಡಿಗ್ರಿ, 24 ಅರ, ಅಂದರೆ 15 ಡಿಗ್ರಿಗೆ ಒಂದು. ಕೋನಮಾಪಕ ಇಲ್ಲವೇ? ಕಾಗದವನ್ನು ದುಂಡಗೆ ಕತ್ತರಿಸಿ. ಅರ್ಧ ಮಡಚಿ, ಮತ್ತೆ ಅರ್ಧ, ಮತ್ತೆ ಅರ್ಧ. ಈಗ ಎಂಟು ಪಾಲು. ಆ ಸಣ್ಣ ಪಾಲನ್ನು ಮೂರು ಸಮ ಮಡಿಕೆ ಮಾಡಿ ಬಿಚ್ಚಿದರೆ 24 ಗೆರೆ ಬಿದ್ದಿರುತ್ತವೆ. ಬಾವುಟದ ಉದ್ದ ಅಗಲ 3ಕ್ಕೆ 2. ನೋಟ್‌ಬುಕ್ಕಿನಲ್ಲಿ 9 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲ ತೆಗೆದುಕೊಂಡರೆ ಕೇಸರಿ, ಬಿಳಿ, ಹಸಿರು ಎರಡೆರಡು ಸೆಂಟಿಮೀಟರ್. ಚಕ್ರಕ್ಕೆ ಕಡುನೀಲಿ. ದಯವಿಟ್ಟು ಕಪ್ಪು ಹಚ್ಚಿಸಬೇಡಿ, ಎಷ್ಟು ಶಾಲೆಗಳ ಗೋಡೆಯ ಮೇಲೆ ಕಪ್ಪು ಚಕ್ರ ನೋಡಿದ್ದೇನೆ! ಹೀಗೆ ಕೈಯಾರೆ ಬರೆದ ಮಗುವಿಗೆ, ಈ ಬಾವುಟವನ್ನು ಸಂವಿಧಾನ ಸಭೆ 1947ರ ಜುಲೈ 22ರಂದು ಒಪ್ಪಿಕೊಂಡಿತು ಎಂಬ ದಿನಾಂಕ ನೆನಪಿನಲ್ಲಿ ಉಳಿಯುತ್ತದೆ.

ಹುಬ್ಬಳ್ಳಿ ಕಡೆಯವರಿಗೆ ಇನ್ನೂ ಒಂದು ಭಾಗ್ಯವಿದೆ. ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ, ಅಲ್ಲಿಂದ ದೇಶದ ತುಂಬ ಹೋಗುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ನಮ್ಮ ಅಕ್ಕತಂಗಿಯರೇ. ಚಕ್ರವನ್ನು ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕಬೇಕು, ಈ ಬದಿಯ ಅರ ಆ ಬದಿಯ ಅರದ ಮೇಲೆಯೇ ಕೂಡಬೇಕು. ಕೂದಲೆಳೆಯಷ್ಟು ಸರಿದರೂ ಆ ಧ್ವಜ ನಡೆಯುವುದಿಲ್ಲ. ಶಾಲಾ ಪ್ರವಾಸಕ್ಕೆಂದು ಮಕ್ಕಳನ್ನು ದೂರದ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದೊಯ್ಯುವ ಮೊದಲು, ಒಪ್ಪಿಗೆ ಕೇಳಿ ಒಂದು ಸಲ ಅಲ್ಲಿಗೆ ಕರೆದೊಯ್ಯಿರಿ.

ಸಮಯ ಓಡುತ್ತಿದೆ, ರಾಷ್ಟ್ರಗೀತೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. 52 ಸೆಕೆಂಡಿನ ಹಾಡು. ಹಾಡುವ ಮೊದಲು ಗೋಡೆಗೆ ಭಾರತದ ಭೂಪಟ ನೇತುಹಾಕಿ. ಪಂಜಾಬ, ಗುಜರಾತ, ಮರಾಠಾ ಎನ್ನುತ್ತ ಮಗು ಬೆರಳಿಟ್ಟು ತೋರಿಸಲಿ. ಉತ್ಕಲ ಅಂದರೆ ಒಡಿಶಾ. "ನಮ್ಮ ಕರ್ನಾಟಕ ಎಲ್ರಿ?" ಎಂದು ಕೇಳಿಯೇ ಕೇಳುತ್ತಾರೆ. ದ್ರಾವಿಡ ಎಂಬಲ್ಲಿ ದಕ್ಷಿಣ ಭಾರತದ ಮೇಲೆ ಅಂಗೈ ಅಗಲಿಸಿ ಇಡಲು ಹೇಳಿ. ಹುಲಿಯ ಪಾಠವಿದ್ದರೆ ಬಂಡೀಪುರದಿಂದ ಶುರುಮಾಡಿ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ಅರಣ್ಯಗಳಲ್ಲಿ ಅದೂ ಒಂದು.

ಮತ್ತೊಂದು ಮಾತು, ಇದನ್ನು ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. "ನಮ್ಮ ರಾಷ್ಟ್ರೀಯ ಕ್ರೀಡೆ ಹಾಕಿ" ಎಂದು ಕಲಿಸುವುದನ್ನು ನಿಲ್ಲಿಸಿ. 2012ರಲ್ಲಿ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನಡಿ ಕೇಳಿದಾಗ, ಯಾವ ಕ್ರೀಡೆಯನ್ನೂ ಹಾಗೆ ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿತು. ನಾವು ದೊಡ್ಡವರೆಲ್ಲ ಗಿಳಿಪಾಠ ಒಪ್ಪಿಸುತ್ತಿದ್ದಾಗ ಆ ಒಂದು ಮಗು ಕಾಗದ ಎಲ್ಲಿದೆ ತೋರಿಸಿ ಎಂದು ಕೇಳಿತು. ಮೊದಲು ಕಣ್ಣು, ಆಮೇಲೆ ಬಾಯಿ.

ಗಾಜಿನ ಆಚೆಯಿಂದ ಸಮಯವಾಯಿತೆಂದು ಕೈಸನ್ನೆ ಮಾಡುತ್ತಿದ್ದಾರೆ. ಇದೊಂದು ಹೇಳಿ ಮುಗಿಸುತ್ತೇನೆ. ಧ್ವಜಾರೋಹಣದ ಸಿಹಿ ಹಂಚಿ ಮುಗಿದ ಮೇಲೆ ಮಕ್ಕಳ ಕೈಯ ಕಾಗದದ ಬಾವುಟಗಳು ನೆಲಕ್ಕೆ ಬೀಳುತ್ತವೆ. ಧ್ವಜ ಸಂಹಿತೆ ಅದನ್ನು ಒಪ್ಪುವುದಿಲ್ಲ, ಮಕ್ಕಳಿಂದಲೇ ಅವನ್ನು ಒಟ್ಟು ಮಾಡಿಸಿ ತೆಗೆದಿರಿಸಿ. ಸಂಜೆ ದೊಡ್ಡ ಧ್ವಜ ಇಳಿಸಿದಾಗ ಮಡಚುವ ಕೆಲಸವನ್ನು ಜವಾನರಿಗೆ ಬಿಡಬೇಡಿ. ನಾಲ್ಕು ಮಕ್ಕಳನ್ನು ಕರೆದು ನಾಲ್ಕು ಮೂಲೆ ಹಿಡಿಸಿ. ಕೇಸರಿ ಮತ್ತು ಹಸಿರನ್ನು ಬಿಳಿಯ ಅಡಿಗೆ ಮಡಚಬೇಕು. ಆಮೇಲೆ ಎರಡೂ ತುದಿಗಳನ್ನು ನಡುವಿನತ್ತ ತರಬೇಕು. ಕೊನೆಗೆ ಚಕ್ರ ಮೇಲೆ ಕಾಣಬೇಕು, ಅಂಚಿನಲ್ಲಿ ಕೇಸರಿ ಹಸಿರು ಸ್ವಲ್ಪ ಇಣುಕಬೇಕು. ಅದನ್ನು ಅಂಗೈಗಳ ಮೇಲಿಟ್ಟುಕೊಂಡು ಆಫೀಸ್ ರೂಮಿನವರೆಗೆ ಮಗುವೇ ಹೊತ್ತು ತರಲಿ.

ನಮಸ್ಕಾರ.