ಸ್ಟೀರಿಂಗ್ ಆಡುವ ಹಳೆಯ ಕಾರು: ಆ ಸ್ಕ್ರೂ ಮುಟ್ಟುವ ಮೊದಲು

ಕೇಳುಗರಿಗೆ ನಮಸ್ಕಾರ.

ಮೈಸೂರು, ಮಂಡ್ಯದ ಎಷ್ಟೋ ಮನೆಗಳ ಮುಂದೆ ಇವತ್ತಿಗೂ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳು ಹೊದಿಕೆ ಹೊದ್ದು ನಿಂತಿವೆ. ಭಾನುವಾರ ಬೆಳಗ್ಗೆ ಹೊರತೆಗೆದು ಶ್ರೀರಂಗಪಟ್ಟಣದವರೆಗೆ ಹೋಗಿಬರುವವರು ಎರಡು ದೂರು ಹೇಳುತ್ತಾರೆ. ‘ಸ್ಟೀರಿಂಗ್ ಲೂಸು, ಮೂರು ಬೆರಳಗಲ ತಿರುಗಿಸಿದರೂ ಚಕ್ರ ಅಲ್ಲಾಡಲ್ಲ’ ಅನ್ನುವುದು ಒಂದು. ‘ಸ್ವಲ್ಪ ಸೋಕಿದರೆ ಸಾಕು, ಗಾಡಿ ಪಕ್ಕಕ್ಕೆ ಹಾರುತ್ತೆ’ ಅನ್ನುವುದು ಇನ್ನೊಂದು. ಒಂದೇ ಕಾರಿನಲ್ಲಿ ಎರಡೂ ಇರಬಹುದು. ಪ್ಲೇ, ಅಂದರೆ ಕೀಲುಗಳ ಸಡಿಲದಿಂದ ಬರುವ ಖಾಲಿ ಆಟ, ಮುಗಿಯುವವರೆಗೆ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ, ಮುಟ್ಟಿದಾಗ ಒಮ್ಮೆಲೇ ಮುಟ್ಟುತ್ತದೆ. ಆದರೂ ಇವು ಎರಡು ಬೇರೆ ಕಾಯಿಲೆಗಳು, ಔಷಧಿಯೂ ಬೇರೆ.

ಮೊದಲೇ ಒಂದು ಮಾತು. ಪದ್ಮಿನಿಯಂಥ ಕಾರಿನಲ್ಲಿ ಸ್ಟೀರಿಂಗಿನ ತಿರುಗನ್ನು ಚಕ್ರದ ರಾಡುಗಳಿಗೆ ದಾಟಿಸುವ ಹಲ್ಲಿನ ಪೆಟ್ಟಿಗೆ ಇರುತ್ತದೆ, ಅದೇ ಸ್ಟೀರಿಂಗ್ ಬಾಕ್ಸ್. ಅದರ ಮೇಲಿರುವ, ಬಿಗಿತ ಹೊಂದಿಸುವ ಅಡ್ಜಸ್ಟಿಂಗ್ ಸ್ಕ್ರೂವನ್ನು ಮೊದಲ ದಿನವೇ ಮುಟ್ಟಬೇಡಿ. ಅದು ಕೊನೆಯ ಕೆಲಸ. ಪರೀಕ್ಷೆ ನೆಲದಿಂದ ಮೇಲಕ್ಕೆ ಬರಲಿ.

ಗಾಳಿಯಿಂದ ಶುರು ಮಾಡಿ. ಈಗಿನ ಕಾರುಗಳ ಅಭ್ಯಾಸದಲ್ಲಿ ಪೆಟ್ರೋಲ್ ಬಂಕಿನ ಹುಡುಗರು ಹಳೆಯ ಕಾರಿಗೂ 35 ಪೌಂಡು ತುಂಬಿಬಿಡುತ್ತಾರೆ. ನಿಮ್ಮ ಕಾರಿನ ಪುಸ್ತಕದಲ್ಲಿ ಇರುವುದು ಅದಕ್ಕಿಂತ ಬಹಳ ಕಡಿಮೆ. ಮುಂದಿನ ಟೈರು ಕಲ್ಲಿನಂತೆ ಗಟ್ಟಿಯಾದರೆ ಸ್ಟೀರಿಂಗ್ ಚಂಚಲವಾಗುತ್ತದೆ. ಇನ್ನೂ ದೊಡ್ಡ ತಪ್ಪು ಮುಂದೆ ಈಗಿನ ರೇಡಿಯಲ್ ಟೈರು, ಹಿಂದೆ ಹಳೆಯ ಕಾಲದ ಕ್ರಾಸ್‌ಪ್ಲೈ ಹಾಕುವುದು. ಮುಂದಿನದು ತಟ್ಟನೆ ಹಿಡಿಯುತ್ತದೆ, ಹಿಂದಿನದು ತಡವಾಗಿ ಓಲಾಡುತ್ತದೆ, ತಿರುವಿನಲ್ಲಿ ಗಾಡಿಯ ಹಿಂಭಾಗ ಹೊರಕ್ಕೆ ಜಾರುತ್ತದೆ. ನಾಲ್ಕೂ ಒಂದೇ ಬಗೆಯದಿರಲಿ.

ಇನ್ನು ಜಾಕಿ. ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಟಕ್ ಎಂದು ಆಡಿದರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಆಟ ನಿಂತರೆ ವೀಲ್ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಅಥವಾ ಅದರ ಬುಷ್ ಸವೆದಿದೆ. ಆಮೇಲೆ ಎಡಕ್ಕೊಂದು ಬಲಕ್ಕೊಂದು ಕೈ ಇಟ್ಟು ಅಲ್ಲಾಡಿಸಿ. ಈಗ ಆಡಿದರೆ ಮೊದಲ ಅನುಮಾನ ಟೈ ರಾಡ್ ಎಂಡುಗಳ ಮೇಲೆ, ಅಂದರೆ ಚಕ್ರವನ್ನು ತಿರುಗಿಸುವ ರಾಡಿನ ತುದಿಯ ಗುಂಡು ಕೀಲುಗಳ ಮೇಲೆ.

ಅವನ್ನು ಹಿಡಿಯುವುದಕ್ಕೆ ಚಕ್ರಗಳನ್ನು ನೆಲಕ್ಕಿಳಿಸಿ, ಭಾರ ಬಿದ್ದಿರುವಾಗಲೇ ಸ್ಟೀರಿಂಗನ್ನು ಅತ್ತಿತ್ತ ಒಂದೊಂದು ಅಂಗುಲ ಆಡಿಸಲು ಹೇಳಿ. ನೀವು ಪ್ರತಿಯೊಂದು ಕೀಲಿನ ಮೇಲೂ ಬೆರಳಿಡುತ್ತಾ ಹೋಗಿ. ಒಳಗಿನ ಗುಂಡು ಅಲುಗಿದ ಮೇಲೆ ಹೊರಗಿನ ಬಟ್ಟಲು ಅಲುಗುವುದು, ಆ ಕ್ಷಣದ ಅಂತರ, ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಪದ್ಮಿನಿಯಲ್ಲಿ ರಾಡುಗಳ ಇನ್ನೊಂದು ಬದಿಯನ್ನು ಹಿಡಿದಿರುವ ಐಡ್ಲರ್ ಆರ್ಮಿನ ಬುಷ್ ಮರೆಯಬೇಡಿ. ಬಾಕ್ಸಿನ ಎದುರು ಬದಿಯಲ್ಲಿರುವುದರಿಂದ ಅದನ್ನು ಯಾರೂ ನೋಡುವುದಿಲ್ಲ. ಬಾಕ್ಸನ್ನು ಗಾಡಿಯ ಮೈಗೆ ಬಿಗಿದ ಬೋಲ್ಟುಗಳನ್ನೂ ಮುಟ್ಟಿ ನೋಡಿ. ಬಾಕ್ಸೇ ಕುಣಿಯುತ್ತಿದ್ದರೆ ಒಳಗಿನದನ್ನು ಎಷ್ಟು ಬಿಗಿದರೂ ಅಷ್ಟೇ.

ಹಳೆಯ ಎಂಡ್ ಬಿಚ್ಚುವ ಮೊದಲು ರಾಡಿನ ಉದ್ದವನ್ನು, ಗುಂಡಿನ ಮಧ್ಯದಿಂದ ಗುಂಡಿನ ಮಧ್ಯಕ್ಕೆ, ಅಳೆದು ಬರೆದಿಡಿ. ಎಂಡ್ ಬಿಡದಿದ್ದರೆ ನಟ್ಟಿನ ಮೇಲೆ ಹೊಡೆಯಬೇಡಿ, ಥ್ರೆಡ್ ಹಾಳಾಗುತ್ತದೆ. ಎಂಡ್ ಕೂತಿರುವ ಆರ್ಮಿನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಬಿಗಿಯಾಗಿ ಎರಡೇಟು ಕೊಟ್ಟರೆ ಟೇಪರ್, ಅಂದರೆ ಎಂಡಿನ ಚೂಪಾಗುವ ಕಾಂಡ, ತಾನೇ ಬಿಡುತ್ತದೆ. ಹೊಸದನ್ನು ಕೂರಿಸಿ ಬಿಗಿದಾಗ ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ನಟ್ ಇನ್ನಷ್ಟು ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಳೆಯ ಪಿನ್ ಮತ್ತೆ ಹಾಕಬೇಡಿ. ಒಂದೆರಡು ರೂಪಾಯಿಯ ಪಿನ್ನು, ಅದರ ಮೇಲೆ ನಿಂತಿರುವುದು ಮನೆಮಂದಿಯ ಜೀವ.

ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವಾಗ ಚಕ್ರ ಮೇಲೆತ್ತಿರಬೇಕು. ಭಾರ ಬಿದ್ದಿದ್ದರೆ ಬೇಕಾದ ಜಾಗಕ್ಕೇ ಗ್ರೀಸ್ ನುಗ್ಗುವುದಿಲ್ಲ.

ಇಷ್ಟೆಲ್ಲ ಆದಮೇಲೂ ಸ್ಟೀರಿಂಗ್ ಚಕ್ರದ ಅಂಚಿನಲ್ಲಿ 25 ಮಿಲಿಮೀಟರಿಗಿಂತ ಹೆಚ್ಚು ಆಟ ಉಳಿದಿದ್ದರೆ ಈಗ ಬಾಕ್ಸಿಗೆ ಬನ್ನಿ. ಮೊದಲು ಎಣ್ಣೆ. ಇಂಥ ಬಾಕ್ಸಿಗೆ ಬೇಕಾದದ್ದು 90 ನಂಬರಿನ ಗೇರ್ ಆಯಿಲ್. ಸೋರುತ್ತದೆಂದು ಗ್ರೀಸ್ ತುಂಬಿಸುವವರಿದ್ದಾರೆ. ಬಾಕ್ಸಿನೊಳಗಿನ ತಿರುಪಿನಂಥ ಗೇರು, ವರ್ಮ್, ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಅದು ಮತ್ತೆ ಹರಿದು ಬರುವುದಿಲ್ಲ, ಹಲ್ಲು ಒಣಗಿಯೇ ತಿರುಗುತ್ತದೆ. ಸೋರಿದರೆ ಸೀಲ್ ಬದಲಿಸಿ.

ಮುಂದಿನ ಚಕ್ರ ಎತ್ತಿ, ನೇರಕ್ಕೆ ತಂದು, ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಎಂಟನೇ ಒಂದು ಸುತ್ತು ಮಾತ್ರ ಬಿಗಿಯಿರಿ. ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿಯಿರಿ. ಆ ಕೊನೆಯಿಂದ ಈ ಕೊನೆಯವರೆಗೆ ತಿರುಗಿಸಿ ನೋಡಿ. ಕಾರು ಹೆಚ್ಚು ಹೊತ್ತು ನೇರವಾಗಿಯೇ ಓಡುವುದರಿಂದ ವರ್ಮ್ ಸವೆಯುವುದು ನಡುಭಾಗದಲ್ಲಿ. ನಡುವಿನ ಆಟ ತೆಗೆಯಲು ಬಿಗಿದರೆ ಪಕ್ಕದಲ್ಲಿ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿದರೆ ಸ್ಕ್ರೂ ಹಿಂದಕ್ಕೆ ಬಿಡಿ, ಆ ಬಾಕ್ಸಿಗೆ ವರ್ಮ್ ಬದಲಿಸುವುದೊಂದೇ ದಾರಿ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ತಿರುಗಿಸಿದ ಸ್ಟೀರಿಂಗ್ ಮರಳಿ ಬಾರದೆ ನಿಂತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಅಂಬಾಸಿಡರಿನಲ್ಲಿ ಬಾಕ್ಸ್ ಇಲ್ಲ, ಎಡಬಲಕ್ಕೆ ಸರಿಯುವ ಹಲ್ಲಿನ ಸರಳು, ಅಂದರೆ ರ‍್ಯಾಕ್ ಇದೆ. ಅಲ್ಲಿ ನೋಡಬೇಕಾದದ್ದು ರಬ್ಬರ್ ಬೂಟು ಹರಿದಿದೆಯೇ, ರ‍್ಯಾಕಿನ ಕ್ಲಾಂಪುಗಳು ಬಿಗಿಯಾಗಿವೆಯೇ ಎಂದು. ಬೂಟು ಹರಿದರೆ ಎಣ್ಣೆ ಹೊರಗೆ, ಧೂಳು ಒಳಗೆ.

ಇನ್ನು ‘ಹಾರುವ’ ಕಾಯಿಲೆ. ಪ್ಲೇ ಎಲ್ಲೂ ಇಲ್ಲ, ಆದರೂ ಗಾಡಿ ನೆಟ್ಟಗೆ ನಿಲ್ಲದು. ಸೈಕಲ್ಲಿನ ಮುಂದಿನ ಫೋರ್ಕಿನ ಮೇಲ್ತುದಿ ಹಿಂದಕ್ಕೆ ಓರೆಯಾಗಿರುವುದರಿಂದ ಓಡುವಾಗ ಅದು ತಾನೇ ನೇರಕ್ಕೆ ಬರುತ್ತದೆ. ಕಾರಿನಲ್ಲಿ ಇದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ಲಗೇಜಿಗೆಂದು ಹಿಂದಿನ ಸ್ಪ್ರಿಂಗ್ ಪಟ್ಟಿಗೆ ಒಂದು ಪ್ಲೇಟ್ ಹೆಚ್ಚು ಹಾಕಿಸಿದ್ದರೆ ಕಾರಿನ ಹಿಂಭಾಗ ಎತ್ತರವಾಗಿ, ಮುಂದೆ ಈ ಓರೆ ಕಡಿಮೆಯಾಗುತ್ತದೆ, ಸ್ಟೀರಿಂಗ್ ಹುಚ್ಚು ಹಗುರವಾಗುತ್ತದೆ. ಹಿಂದಿನ ಪಟ್ಟಿಯ ಬುಷ್ ಸವೆದಿದ್ದರೂ, ಅದನ್ನು ಆಕ್ಸಲಿಗೆ ಬಿಗಿದ ಯು ಬೋಲ್ಟ್ ಸಡಿಲವಿದ್ದರೂ ಹಿಂದಿನ ಆಕ್ಸಲ್ ತಾನೇ ಓರೆಯಾಗಿ ಗಾಡಿಯನ್ನು ತಿರುಗಿಸುತ್ತದೆ. ಬೈಗುಳ ಮಾತ್ರ ಮುಂದಿನ ಚಕ್ರಕ್ಕೆ. ಅಂದಕ್ಕೆಂದು ಸಣ್ಣ ಸ್ಟೀರಿಂಗ್ ಚಕ್ರ ಹಾಕಿಸಿದ್ದರೆ ಮೊದಲಿನ ದೊಡ್ಡದನ್ನೇ ಮತ್ತೆ ಹಾಕಿ.

ಕೊನೆಗೆ ಟೋ, ಅಂದರೆ ಮುಂದಿನ ಎರಡು ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿ ನಿಂತಿವೆ ಅನ್ನುವುದು. ಎರಡೂ ಮುಂದಿನ ಟೈರಿನ ಹಿಂಬದಿಯಲ್ಲಿ, ಚಕ್ರದ ನಡುಭಾಗದ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ದೂರ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ತಳ್ಳಿ, ಅದೇ ಗುರುತು ಮುಂಬದಿಗೆ ಬಂದಾಗ ಮತ್ತೆ ಅಳೆಯಿರಿ. ಮುಂಬದಿಯ ಅಳತೆ ಹಿಂಬದಿಯದಕ್ಕಿಂತ 2ರಿಂದ 3 ಮಿಲಿಮೀಟರ್ ಕಡಿಮೆ ಇರಬೇಕು, ರೇಡಿಯಲ್ ಆದರೆ ಇನ್ನೂ ಸ್ವಲ್ಪ ಕಡಿಮೆ ವ್ಯತ್ಯಾಸ ಸಾಕು. ಮುಂಬದಿಯದೇ ಹೆಚ್ಚಾಗಿದ್ದರೆ ಕಾರು ಹಳ್ಳದಿಂದ ಹಳ್ಳಕ್ಕೆ ಓಲಾಡುವುದು ಅದರಿಂದಲೇ. ಸರಿಪಡಿಸುವಾಗ ಎರಡು ಕಡೆಯ ರಾಡನ್ನೂ ಸಮ ಸುತ್ತು ತಿರುಗಿಸಿ, ಇಲ್ಲವಾದರೆ ಸ್ಟೀರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತದೆ.

ರಿಂಗ್ ರಸ್ತೆಯಲ್ಲಿ ಬೆಳಗಿನ ಹೊತ್ತು, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಮ್ಮೆ ಓಡಿಸಿ ನೋಡಿ. 200 ಕಿಲೋಮೀಟರ್ ಆದಮೇಲೆ ನೀವು ಬಿಚ್ಚಿ ಬಿಗಿದ ಪ್ರತಿಯೊಂದು ನಟ್ಟಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ನಮಸ್ಕಾರ.