ಗಾಡಿಯಿಂದ ಮೊದಲು ಇಳಿಯೋರು ಯಾರು?

ಎಲ್ಲರಿಗೂ ನಮಸ್ಕಾರ. ಊಟದ ನಂತರದ ಗೋಷ್ಠಿ ಇದು, ತೂಕಡಿಸುವವರಿಗೆ ನನ್ನ ಪೂರ್ಣ ಸಹಾನುಭೂತಿ ಇದೆ. ಮಾನಸಿಕ ಕಾಯಿಲೆ ಇರುವವರು ಕೈಮೀರಿದಾಗ ಮನೆಯವರು ಸಹಾಯಕ್ಕೆ ಕರೆಯುತ್ತಾರಲ್ಲ, ಆಗ ಬರುವ ಗಾಡಿಯಿಂದ ಮೊದಲು ಇಳಿಯಬೇಕಾದವರು ಪೊಲೀಸರೋ, ನರ್ಸೋ? ನನ್ನ ಇವತ್ತಿನ ಮಾತು ಅದೇ.

ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದಾಗ ಒಂದು ರಾತ್ರಿ ತಾಯಿಯೊಬ್ಬರು ಫೋನ್ ಮಾಡಿದರು. ಮಗ ವಾರದಿಂದ ಮಾತ್ರೆ ಬಿಟ್ಟಿದ್ದಾನೆ, ಚಿಲಕ ಹಾಕಿಕೊಂಡು ಒಳಗೆ ಸಾಮಾನು ಒಡೆಯುತ್ತಿದ್ದಾನೆ. ನಾನು ಹೋಗುವಷ್ಟರಲ್ಲಿ ಅಕ್ಕಪಕ್ಕದವರು 112ಕ್ಕೆ ಹೇಳಿ ಪೊಲೀಸ್ ಗಾಡಿ ಬಂದಿತ್ತು. ಪೇದೆಯೊಬ್ಬರು ಲಾಠಿಯಲ್ಲಿ ಬಾಗಿಲು ಕುಟ್ಟುತ್ತಾ, ‘ತೆಗೀತೀಯೋ, ಒದ್ದು ಬರ್ಲೋ?’ ಅನ್ನುತ್ತಿದ್ದರು. ಒಳಗಿನಿಂದ ಹುಡುಗ, ‘ನೀವು ಬರ್ತೀರಂತ ಅವರು ಹೇಳಿದ್ರು’ ಅಂದ. ಅವನ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಎಷ್ಟೋ ದಿನದಿಂದ ಹೇಳುತ್ತಿದ್ದದ್ದು ಅದನ್ನೇ. ಪೊಲೀಸರು ಬರುತ್ತಾರೆ, ಹುಷಾರು!

ಆಗ ವಯಸ್ಸಾದ ದಫೇದಾರರೊಬ್ಬರು ಪೇದೆಯನ್ನು ಗೇಟಿನಾಚೆ ಕಳಿಸಿ, ಟೋಪಿ ತೆಗೆದು ಹೊಸಿಲ ಹತ್ತಿರ ಕೂತರು. ‘ಮಗಾ, ಊಟ ಆಯ್ತೇನಪ್ಪಾ?’ ಬಾಗಿಲು ತೆರೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಅವರ ತಮ್ಮನಿಗೂ ಇದೇ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ಆವತ್ತು ಅವರ ಡ್ಯೂಟಿ ಇಲ್ಲದಿದ್ದರೆ?

ಅಮೆರಿಕದ ಮೆಂಫಿಸ್‌ನಲ್ಲಿ 1987ರಲ್ಲಿ ಆ ಅದೃಷ್ಟ ಇರಲಿಲ್ಲ. ಚಾಕು ಹಿಡಿದು ತನ್ನನ್ನೇ ಗಾಯ ಮಾಡಿಕೊಳ್ಳುತ್ತಿದ್ದ ಯುವಕನಿಗೆ ಸಹಾಯ ಮಾಡಿ ಅಂತ ಮನೆಯವರು ಕರೆದರು, ಬಂದ ಪೊಲೀಸರು ಗುಂಡು ಹಾರಿಸಿದರು, ಅವನು ಸತ್ತ. ಮರುವರ್ಷವೇ ಅಲ್ಲಿ, ಮಾನಸಿಕ ಕಾಯಿಲೆ ಇರುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಪೊಲೀಸರಿಗೆ 40 ಗಂಟೆಗಳ ತರಬೇತಿ ಶುರುವಾಯಿತು. ಅದೇ ದೇಶದ ಒರೆಗಾನ್ ರಾಜ್ಯದ ಯೂಜೀನ್ ಊರು 1989ರಲ್ಲಿ ಇನ್ನೂ ಮುಂದೆ ಹೋಯಿತು. ಒಬ್ಬ ವೈದ್ಯಕೀಯ ಸಿಬ್ಬಂದಿ, ಒಬ್ಬ ಆಪ್ತಸಮಾಲೋಚಕ, ಒಂದು ವ್ಯಾನು. ಸಮವಸ್ತ್ರ ಇಲ್ಲ, ಪಿಸ್ತೂಲು ಇಲ್ಲ. ಡೆನ್ವರ್ ನಗರ 2020ರಲ್ಲಿ ಇದೇ ದಾರಿ ಹಿಡಿಯಿತು. ಹಾಗಂತ ಯೂಜೀನನ್ನು ಹೊಗಳಿ ಸುಮ್ಮನಾಗುವ ಹಾಗೂ ಇಲ್ಲ. 2025ರ ಏಪ್ರಿಲ್‌ನಲ್ಲಿ ದುಡ್ಡಿಲ್ಲದೆ ಆ ವ್ಯಾನು ಅದೇ ಊರಿನಲ್ಲಿ ನಿಂತುಹೋಯಿತು. ಸಂಬಳದ ಲೆಕ್ಕ ಮೊದಲು ಹಾಕಬೇಕು ಅನ್ನುವುದು ಅದಕ್ಕೇ.

‘ಮೇಡಂ, ಅವನ ಕೈಲಿ ಮಚ್ಚಿದ್ರೆ ನರ್ಸಮ್ಮ ಏನ್ ಮಾಡ್ತಾರೆ?’ ಎಂದು ಪೊಲೀಸರು ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಇಬ್ಬರೂ ಒಟ್ಟಿಗೆ ಹೋಗಲಿ ಅನ್ನುವುದು. ಪೊಲೀಸರು ಕಣ್ಣಿಗೆ ಬೀಳದ ಹಾಗೆ, ಆದರೆ ಕೂಗಿದರೆ ಕೇಳುವಷ್ಟು ಹತ್ತಿರ ನಿಲ್ಲಲಿ. ಮಾತು ನರ್ಸ್ ಆಡಲಿ.

ನಮ್ಮ ಕಾನೂನು ಈ ವಿಷಯದಲ್ಲಿ ಕೆಟ್ಟದ್ದೇನಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಪೊಲೀಸರು ರಕ್ಷಣೆಗೆ ತೆಗೆದುಕೊಂಡವರನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋಗಬೇಕು, ಲಾಕಪ್ಪಿಗೆ ಹಾಕುವಂತೆಯೇ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಚಿಲಕ ಹಾಕಿಕೊಂಡವನು ಫೋನ್ ಎತ್ತುವುದಿಲ್ಲವಲ್ಲ!

ಎರಡು ವರ್ಷದ ಮೇಲೆ ಆ ತಾಯಿ ಮತ್ತೆ ಫೋನ್ ಮಾಡಿದರು. ‘ಅವತ್ತು ಬಂದಿದ್ರಲ್ಲ, ಆ ಸಾಹೇಬ್ರನ್ನೇ ಕಳಿಸ್ತೀರಾ ಮೇಡಂ?’ ಸ್ಟೇಷನ್ನಿಗೆ ವಿಚಾರಿಸಿದೆ. ಅವರು ರಿಟೈರ್ ಆಗಿ ನಾಲ್ಕು ತಿಂಗಳಾಗಿತ್ತು.