ಗುಬ್ಬವ್ವ ಬಾಗಿಲು ಯಾಕೆ ತೆಗೆಯಲಿಲ್ಲ?

ಮಕ್ಕಳೇ, ನಮಸ್ಕಾರ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ರೇಡಿಯೋ ಹತ್ತಿರ ಕರೆದು ಕೂರಿಸಿಕೊಳ್ಳಿ. ಇವತ್ತಿನ ಕಥೆ ಅವರಿಗೂ ಗೊತ್ತು. ನಾನು ಎಲ್ಲಾದರೂ ಹಾರಿಸಿದರೆ ಅವರು ಸುಮ್ನೆ ಬಿಡುವುದಿಲ್ಲ.

ಕಾಗಕ್ಕ ಗುಬ್ಬಕ್ಕನ ಕಥೆ ಇದು. ಧಾರವಾಡ, ಗದಗ, ಬಾಗಲಕೋಟೆ ಕಡೆ ಕಾಗವ್ವ, ಗುಬ್ಬವ್ವ. ಮಹಾರಾಷ್ಟ್ರದ ಮಕ್ಕಳಿಗೂ ಈ ಕಥೆ ಗೊತ್ತು. ಅಲ್ಲಿ ಗುಬ್ಬಿಯ ಮನೆ ಮೇಣದ್ದು, ನಮ್ಮಲ್ಲಿ ಕಲ್ಲಿನದು. ಕಾಗೆಯ ಮನೆ ಮಾತ್ರ ಎರಡೂ ಕಡೆ ಸಗಣಿಯದೇ. ಪಾಪ, ಗಡಿ ದಾಟಿದರೂ ಅದಕ್ಕೊಂದು ಒಳ್ಳೆಯ ಮನೆ ಸಿಗಲಿಲ್ಲ!

ಈ ಕಥೆಯನ್ನು ನಾನು ನಾಗರ ಪಂಚಮಿಯ ಹೊತ್ತಿಗೆ ಇಟ್ಟುಕೊಂಡಿದ್ದೇನೆ. ಪಂಚಮಿ ಬರುವುದು ಶ್ರಾವಣದಲ್ಲಿ. ಮಳೆ ಇಲ್ಲದೆ ಈ ಕಥೆ ನಡೆಯುವುದಿಲ್ಲ, ಉಂಡಿ ಇಲ್ಲದೆ ಉತ್ತರ ಕರ್ನಾಟಕದ ಪಂಚಮಿ ನಡೆಯುವುದಿಲ್ಲ.

ಒಂದೂರು. ಊರಾಚೆ ಒಂದು ಬೇವಿನ ಮರ. ಅದರ ಕೆಳಗೆ ಎರಡು ಮನೆ. ಒಂದು ಸಂಜೆ ಮಳೆ ಹಿಡಿಯಿತು. ಮೊದಲು ಜಿಟಿಜಿಟಿ, ಆಮೇಲೆ ಧೋ ಅಂತ. ಸಗಣಿ ಮನೆ ಎಷ್ಟು ಹೊತ್ತು ತಡೆದೀತು? ಗೋಡೆ ಕರಗಿತು, ಮಾಳಿಗೆ ಕರಗಿತು, ಕಾಗವ್ವ ಒಬ್ಬಳೇ ಉಳಿದಳು.

ಟಕ್ ಟಕ್ ಟಕ್. "ಗುಬ್ಬವ್ವಾ, ಏ ಗುಬ್ಬವ್ವಾ! ಬಾಗಲಾ ತೆಗಿಯವಾ, ತೊಯ್ಸಿಕೊಂಡು ನಿಂತೀನಿ!"

ಒಳಗಿಂದ ಉತ್ತರವೇ ಇಲ್ಲ. ಗುಬ್ಬವ್ವ ರೊಟ್ಟಿ ಬಡಿಯುತ್ತಿದ್ದಳು. ಪಂಚಮಿಗೆ ಮುಂಚೆ ಅಲ್ಲಿ ರೊಟ್ಟಿ ಹಬ್ಬ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿ ಓಣಿಗೆಲ್ಲ ಹಂಚುತ್ತಾರೆ. ಬಿಸಿನೀರಲ್ಲಿ ಕಲಸಿ ನಾದಿದ ಹಿಟ್ಟು. ಅಂಗೈಯಿಂದ ಬಡಿಯುತ್ತ ಹೋದರೆ ಉಂಡೆ ಸುತ್ತ ತಿರುಗುತ್ತ ತಿರುಗುತ್ತ ಅಗಲವಾಗುತ್ತದೆ. ಪಟ ಪಟ ಪಟ. ನಿಮ್ಮ ತೊಡೆಯ ಮೇಲೆ ಬಡಿದು ನೋಡಿ. ಈ ಸದ್ದಿನಲ್ಲಿ ಬಾಗಿಲು ಬಡಿದದ್ದು ಕೇಳಿಸುತ್ತಾ?

ಕಾಗವ್ವ ಮತ್ತೆ ಬಡಿದಳು. "ತಡಿಯವಾ, ರೊಟ್ಟಿ ಹಂಚಿನ ಮ್ಯಾಲೈತಿ. ಸೀದು ಹೋಗ್ತೈತಿ!" ನಿಜವೇ. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ತಿರುವಬೇಕು, ಉಬ್ಬುವ ತನಕ ಕಣ್ಣು ಆಚೀಚೆ ಮಾಡುವಂತಿಲ್ಲ.

ಮೂರನೇ ಸಲ ಬಡಿದಳು. "ತಡಿಯವಾ, ಬೆಲ್ಲದ ಆಣ ಬಂದೈತಿ. ಈಗ ಬಿಟ್ರ ಕಲ್ಲಾಗ್ತೈತಿ!"

ಶೇಂಗಾ ಹುರಿದು, ಸಿಪ್ಪೆ ಕೇರಿ, ತರಿತರಿಯಾಗಿ ಕುಟ್ಟಿಟ್ಟಿದ್ದಾಳೆ. ಒಲೆಯ ಮೇಲೆ ಬೆಲ್ಲ ಕುದಿಯುತ್ತಿದೆ. ಆಣ ಅಂದರೆ ಅದರ ಪಾಕ. ಒಂದು ಹನಿ ತೆಗೆದು ತಣ್ಣೀರಿಗೆ ಬಿಟ್ಟಳು. ಹರಡಿಕೊಂಡರೆ ಇನ್ನೂ ಆಗಿಲ್ಲ ಅಂತ. ಬೆರಳಿಗೆ ಗುಂಡಗೆ ಸಿಕ್ಕಿದರೆ ಆಯಿತು. ಸಿಕ್ಕಿತು! ಇನ್ನು ಪುರುಸೊತ್ತೆಲ್ಲಿ? ಶೇಂಗಾ ಸುರಿದು, ಅಂಗೈಗೆ ತುಪ್ಪ ಸವರಿಕೊಂಡು, ಬಿಸಿ ಇರುವಾಗಲೇ ಉಂಡಿ ಕಟ್ಟಬೇಕು. ಆರಿದರೆ ಕಟ್ಟಲು ಬರುವುದಿಲ್ಲ, ಬಿಸಿ ಜಾಸ್ತಿ ಇದ್ದರೆ ಕೈ ಸುಡುತ್ತದೆ.

ಕಥೆ ಹೇಳುವವರು ಬಹಳ ಮಂದಿ ಇಲ್ಲಿ ಗುಬ್ಬವ್ವನನ್ನು ಕಲ್ಲೆದೆಯವಳು ಮಾಡಿಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಹಬ್ಬದ ಅಡುಗೆ ಒಬ್ಬಳೇ ಮಾಡುವವಳ ಪಾಡು ಒಲೆಯ ಮುಂದೆ ಕೂತವರಿಗೇ ಗೊತ್ತು.

ಆದರೆ ಮುಂದೆ ಕೇಳಿ. ಉಂಡಿ ಮುಗಿದವು. ಕಾಗವ್ವ ಮತ್ತೆ ಬಡಿದಳು. "ತಡಿಯವಾ, ಕೂಸಿಗೆ ಕಾಡಿಗಿ ಹಚ್ಚಾಕತ್ತೀನಿ." ಮತ್ತೊಂದು ಸಲ ಬಡಿದಳು. "ತಡಿಯವಾ, ಕೂಸಿಗೆ ಕುಂಚಿಗಿ ಕಟ್ಟಾಕತ್ತೀನಿ." ಕುಂಚಿಗೆ ಅಂದರೆ ಕೂಸಿನ ತಲೆಗೆ ಕಟ್ಟುವ ಟೋಪಿ.

ಈಗ ಹೇಳಿ. ರೊಟ್ಟಿ ಸೀಯುತ್ತದೆ, ಸರಿ. ಆಣ ಗಟ್ಟಿಯಾಗುತ್ತದೆ, ಸರಿ. ಕಾಡಿಗೆ ಸೀಯುತ್ತಾ? ಕುಂಚಿಗೆ ಗಟ್ಟಿಯಾಗುತ್ತಾ? ಇಲ್ಲಿ ಕಥೆ ನಿಲ್ಲಿಸಿ ಕೇಳಿದರೆ ಮಕ್ಕಳಲ್ಲಿ ಎರಡು ಪಕ್ಷ ಆಗೇ ಆಗುತ್ತದೆ. ಆಗಲಿ ಬಿಡಿ.

ಅಂತೂ ಬಾಗಿಲು ತೆರೆಯಿತು. ಕಾಗವ್ವನ ರೆಕ್ಕೆಯಿಂದ ನೀರು ತೊಟತೊಟ. "ಎಲ್ಲಿ ಮಲಗ್ಲೆವಾ?"

"ಒಲಿ ಮುಂದ ಬ್ಯಾಡ, ಉಂಡಿ ಆರಾಕ ಇಟ್ಟೀನಿ. ಕಡ್ಲಿ ಚೀಲದ ಮಗ್ಗಲಾಗ ಮಲ್ಕೊ."

ಎರೆಹೊಲದಲ್ಲಿ ಹಿಂಗಾರಿಗೆ ಬೆಳೆದ ಕಡಲೆ, ವರ್ಷಕ್ಕಾಗುವಷ್ಟು ತುಂಬಿಟ್ಟದ್ದು. ಹಸಿದ ಕಾಗೆಗೆ ಅದರ ಪಕ್ಕದಲ್ಲೇ ಹಾಸಿಗೆ! ಗುಬ್ಬವ್ವನಿಗೆ ಉಂಡಿಯದೇ ಚಿಂತೆ.

ನಡುರಾತ್ರಿ ಸದ್ದು. ಕಟುಂ. ಕಟುಂ.

"ಏನದು ಕಾಗವ್ವಾ?"

"ಏನಿಲ್ಲವಾ, ಥಂಡಿ ಹತ್ತೈತಿ. ಒಂದು ಅಡಕಿ ಹೋಳು ಬಾಯಾಗ ಹಾಕ್ಕೊಂಡೀನಿ."

ಸ್ವಲ್ಪ ಹೊತ್ತಾಯಿತು. ಕಟುಂ ಕಟುಂ ಕಟುಂ. "ಇನ್ನೂ ಅದೇ ಅಡಕಿ ಏನವಾ?" "ಗಟ್ಟಿ ಅಡಕಿ ಐತಿ, ನೀ ಮಲ್ಕೊ."

ಬೆಳಗಾಯಿತು. ಚೀಲ ತಳ ಕಂಡಿತ್ತು. ಕಾಗವ್ವ ಬೇವಿನ ಮರದಲ್ಲಿ, ಹುಡುಗಿಯರು ಪಂಚಮಿಯ ಜೋಕಾಲಿ ಕಟ್ಟಿದ ಟೊಂಗೆಯ ಮೇಲೆ ಕೂತಿದ್ದಳು. ಹೊಟ್ಟೆ ಎಷ್ಟು ಭಾರ ಅಂದರೆ ಟೊಂಗೆ ಬಾಗಿತ್ತು.

ಕೆಲವರು ಇಲ್ಲಿ ಗುಬ್ಬಿಯ ಕೈಯಿಂದ ಕಾಗೆಗೆ ಬರೆ ಹಾಕಿಸುತ್ತಾರೆ. ನಾನು ಹಾಕಿಸುವುದಿಲ್ಲ. ಮಳೆಯಲ್ಲಿ ನಿಂತ ಹೊತ್ತಿಗೂ ತಿಂದ ಕಡಲೆಗೂ ಲೆಕ್ಕ ಸರಿಹೋಯಿತೋ ಇಲ್ಲವೋ, ನೀವು ನೀವೇ ಜಗಳವಾಡಿಕೊಳ್ಳಿ.

ದೊಡ್ಡವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಈ ಕಥೆ ಹೇಳುವಾಗ ನಿಮ್ಮ ಅಡುಗೆಯನ್ನೇ ಹಾಕಿ. ಆದರೆ ನಡುವೆ ಕೈಬಿಡಲಾಗದ ಅಡುಗೆ ಇರಲಿ. ಮಂಡ್ಯದ ಗುಬ್ಬಕ್ಕ ಮುದ್ದೆ ತೊಳಸಲಿ, ಕೋಲು ಬಿಟ್ಟರೆ ಗಂಟಾಗುತ್ತದಲ್ವಾ? ಮಂಗಳೂರಿನ ಗುಬ್ಬಕ್ಕ ಪತ್ರೊಡೆ ಸುತ್ತಲಿ. ಹಿಟ್ಟು ಹಚ್ಚಿದ ಕೆಸುವಿನ ಎಲೆಯ ಸುರುಳಿಯನ್ನು ಅರ್ಧಕ್ಕೆ ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಮತ್ತೆ ಆ ಕಟುಂ ಕಟುಂ ಸದ್ದನ್ನು ನೀವು ಮಾಡಬೇಡಿ. ಸ್ವಲ್ಪ ದೊಡ್ಡ ಮಕ್ಕಳ ಕೈಗೆ ಒಂದು ಹಿಡಿ ಹುರಿದ ಕಡಲೆ ಕೊಡಿ, "ಏನದು ಕಾಗವ್ವಾ?" ಅಂತ ನೀವು ಕೇಳಿದಾಗ ಅವರೇ ಅಗಿಯಲಿ. ನಮಸ್ಕಾರ.